ಗೋರಿಯಿಲ್ಲದ ಹೆಸರು

ನನ್ನ ಮಗಳು ನಾಲ್ಕನೇ ತರಗತಿಯಲ್ಲಿದ್ದಾಗಿನ ಮಾತು. ನವೆಂಬರಿನ ಮೊದಲ ವಾರ, ಒಟ್ಟಾವದಲ್ಲಿ ಸಂಜೆ ಐದಕ್ಕೇ ಕತ್ತಲಾಗುವ ಕಾಲ. ಅಡುಗೆಮನೆಯ ಮೇಜಿನ ಮುಂದೆ ಕಾಲು ಆಡಿಸುತ್ತಾ ಕೂತು ಅವಳು ಹದಿನೈದು ಸಾಲಿನ ಒಂದು ಇಂಗ್ಲಿಷ್ ಪದ್ಯವನ್ನು ಉರು ಹೊಡೆಯುತ್ತಿದ್ದಳು. ಕೆನಡಾದಲ್ಲಿ ಶಾಲೆಗೆ ಹೋದ ಮಕ್ಕಳಿಗೆಲ್ಲ ಗೊತ್ತಿರುವ ಪದ್ಯ ಅದು: ಇನ್ ಫ್ಲ್ಯಾಂಡರ್ಸ್ ಫೀಲ್ಡ್ಸ್. ಆಗ ಚಲಾವಣೆಯಲ್ಲಿದ್ದ ಹತ್ತು ಡಾಲರಿನ ನೋಟಿನ ಮೇಲೂ ಅದರ ಮೊದಲ ಭಾಗ ಸಣ್ಣಕ್ಷರದಲ್ಲಿ ಅಚ್ಚಾಗಿತ್ತು. ಎರಡು ಸಲ ತಪ್ಪಿಲ್ಲದೆ ಒಪ್ಪಿಸಿದ ಮೇಲೆ ಅವಳು ಕೇಳಿದಳು:

"ಅಪ್ಪಾ, ಇದನ್ನ ಬರೆದೋರು ಡಾಕ್ಟರ್ ಅಂತೆ. ಅವರ ಫ್ರೆಂಡ್ ಸತ್ತುಹೋದ್ರು ಅಂತ ಬರೆದ್ರಂತೆ. ಆ ಫ್ರೆಂಡ್ ಹೆಸರೇನು?"

ನನಗೆ ಗೊತ್ತಿರಲಿಲ್ಲ. ಈ ದೇಶಕ್ಕೆ ಬಂದು ಹತ್ತು ವರ್ಷ ಮೀರಿತ್ತು. ಪ್ರತಿ ನವೆಂಬರಿನಲ್ಲೂ ಅಂಗಡಿ ಬಾಗಿಲಲ್ಲಿ ಡಬ್ಬಿ ಹಿಡಿದು ನಿಂತ ಮುದುಕರ ಕೈಗೆ ಚಿಲ್ಲರೆ ಹಾಕಿ, ಕೆಂಪು ಪಾಪ್ಪಿ ಹೂವನ್ನು ಕೋಟಿಗೆ ಸಿಕ್ಕಿಸಿಕೊಳ್ಳುತ್ತಿದ್ದೆ. ಆ ಹೂವಿನ ಪಿನ್ನು ಎಂಥದೆಂದರೆ ಬಸ್ಸಿನಿಂದ ಇಳಿಯುವಷ್ಟರಲ್ಲಿ ಎಲ್ಲೋ ಬಿದ್ದುಹೋಗಿರುತ್ತದೆ. ಒಂದು ತಿಂಗಳಲ್ಲಿ ಮೂರು ನಾಲ್ಕು ಕಳೆದಿದ್ದೂ ಉಂಟು. ಆಫೀಸಿನಲ್ಲಿ ಎಲ್ಲರೂ ಹಾಕುತ್ತಾರೆಂದು ನಾನೂ ಹಾಕುತ್ತಿದ್ದೆನೇ ಹೊರತು ಅದರ ಹಿಂದಿನ ಮನುಷ್ಯರ ಬಗ್ಗೆ ತಲೆ ಕೆಡಿಸಿಕೊಂಡಿರಲಿಲ್ಲ. ಅದು ಅವರ ಯುದ್ಧ, ಅವರ ದುಃಖ ಎಂಬ ಭಾವನೆ ಒಳಗೆ ಇದ್ದಿರಬೇಕು.

ಆ ಶನಿವಾರ ಮಗಳನ್ನು ಕರೆದುಕೊಂಡು ಲೈಬ್ರರಿಗೆ ಹೋದೆ. ಹೆಸರು ಸಿಕ್ಕಿತು: ಅಲೆಕ್ಸಿಸ್ ಹ್ಯಾನಮ್ ಹೆಲ್ಮರ್. ಹುಟ್ಟಿದ್ದು 1892ರ ಜೂನ್ 29, ಹಲ್ ಊರಿನಲ್ಲಿ. ಹಲ್ ಅಂದರೆ ನಮ್ಮ ಒಟ್ಟಾವ ನದಿಯ ಆಚೆ ದಡ. ಈಗ ಗ್ಯಾಟಿನೋ ಎಂಬ ದೊಡ್ಡ ಊರಿನ ಒಂದು ಭಾಗ. ಸೇತುವೆ ದಾಟಿದರೆ ಹಲ್, ಈಚೆ ಬಂದರೆ ಪಾರ್ಲಿಮೆಂಟು. ನಾನು ದಿನವೂ ಬಸ್ಸಿನ ಕಿಟಕಿಯಿಂದ ನೋಡುತ್ತಿದ್ದ ದಡ.

ಹೆಲ್ಮರ್‌ನನ್ನು ಏಕವಚನದಲ್ಲಿ ಕರೆಯುತ್ತೇನೆ, ಓದುಗರು ತಪ್ಪು ತಿಳಿಯಬಾರದು. ಅವನು ಸತ್ತಾಗ ಅವನಿಗೆ 22 ವರ್ಷ. ನನ್ನ ಮಗಳು ಈಗ ಅವನಿಗಿಂತ ದೊಡ್ಡವಳು.

ಅವನದು ಸೈನ್ಯದ ಮನೆತನ. ತಂದೆ ರಿಚರ್ಡ್ ಅಲೆಕ್ಸಿಸ್ ಹೆಲ್ಮರ್ ಕೆನಡಾ ಸೇನೆಯ ಅಧಿಕಾರಿ, ಮುಂದೆ ಬ್ರಿಗೇಡಿಯರ್ ಜನರಲ್ ಆದವರು. ಮಗ ಕಿಂಗ್‌ಸ್ಟನ್ನಿನ ರಾಯಲ್ ಮಿಲಿಟರಿ ಕಾಲೇಜಿನಲ್ಲಿ ಕಲಿತ. ಆಮೇಲೆ ಮಾಂಟ್ರಿಯಲ್‌ನ ಮೆಗಿಲ್ ವಿಶ್ವವಿದ್ಯಾಲಯದಲ್ಲಿ ಸಿವಿಲ್ ಎಂಜಿನಿಯರಿಂಗ್ ಓದಿ 1914ರಲ್ಲಿ ಪದವಿ ಪಡೆದ. ಎಂಜಿನಿಯರಿಂಗ್ ಮುಗಿಸಿ ಹೊರಬಿದ್ದ ಹುಡುಗನ ಮನಸ್ಸು ಹೇಗಿರುತ್ತದೆಂದು ನಮ್ಮಲ್ಲಿ ಅರ್ಧ ಜನಕ್ಕೆ ಸ್ವಂತ ಅನುಭವದಿಂದ ಗೊತ್ತು. ಎಲ್ಲಾದರೂ ಒಂದು ಸೇತುವೆ, ಒಂದು ರೈಲುದಾರಿ, ಕೈಗೆ ಮೊದಲ ಸಂಬಳ. ಅದೇ ಆಗಸ್ಟಿನಲ್ಲಿ ಯುದ್ಧ ಶುರುವಾಯಿತು. ಬ್ರಿಟನ್ ಯುದ್ಧಕ್ಕಿಳಿದರೆ ಕೆನಡಾವೂ ಇಳಿದಂತೆಯೇ ಲೆಕ್ಕ. ಕೇಳುವ ಪ್ರಶ್ನೆಯೇ ಇರಲಿಲ್ಲ. ನಮ್ಮ ದೇಶದ ಸ್ಥಿತಿಯೂ ಆಗ ಅದೇ ತಾನೆ. ಸೆಪ್ಟೆಂಬರಿನಲ್ಲಿ ಹೆಲ್ಮರ್ ಸೇನೆ ಸೇರಿದ. ಅಕ್ಟೋಬರಿನಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಜನರ ಮೊದಲ ತಂಡ ಹಡಗುಗಳಲ್ಲಿ ಅಟ್ಲಾಂಟಿಕ್ ದಾಟಿತು. ಇಂಗ್ಲೆಂಡಿನ ಸಾಲಿಸ್ಬರಿ ಬಯಲಿನ ಕೆಸರಿನಲ್ಲಿ ಒಂದು ಚಳಿಗಾಲ ಕಳೆದು, 1915ರ ಫೆಬ್ರವರಿಯಲ್ಲಿ ಫ್ರಾನ್ಸಿಗೆ ಬಂದಿಳಿಯಿತು.

ಅವನು ಕೆನಡಾ ಫಿರಂಗಿ ದಳದ ಮೊದಲ ಬ್ರಿಗೇಡಿನ ಲೆಫ್ಟಿನೆಂಟ್. ಅದೇ ಬ್ರಿಗೇಡಿನ ವೈದ್ಯರು ಮೇಜರ್ ಜಾನ್ ಮ್ಯಾಕ್ರೇ. ಒಂಟಾರಿಯೊದ ಗ್ವೆಲ್ಫ್ ಊರಿನವರು, ಮಾಂಟ್ರಿಯಲ್‌ನಲ್ಲಿ ವೈದ್ಯರಾಗಿ, ಮೆಗಿಲ್‌ನಲ್ಲಿ ಪಾಠ ಹೇಳುತ್ತಿದ್ದವರು. ಹಿಂದೆ ಬೋಯರ್ ಯುದ್ಧದಲ್ಲಿ ಫಿರಂಗಿ ದಳದಲ್ಲೇ ಹೋರಾಡಿದ್ದವರು. ಇಬ್ಬರಿಗೂ ವಯಸ್ಸಿನಲ್ಲಿ ಇಪ್ಪತ್ತು ವರ್ಷ ಅಂತರ. ಒಂದೇ ವಿಶ್ವವಿದ್ಯಾಲಯದ ನಂಟಿತ್ತು; ಹತ್ತಿರದ ಸ್ನೇಹವಾಯಿತು.

1915ರ ಏಪ್ರಿಲ್ 22. ಬೆಲ್ಜಿಯಮ್ಮಿನ ಈಪರ್ ಪಟ್ಟಣದ ಹೊರವಲಯ. ಸಂಜೆ ಐದರ ಹೊತ್ತಿಗೆ ಜರ್ಮನ್ನರು 5,700ಕ್ಕೂ ಹೆಚ್ಚು ಸಿಲಿಂಡರುಗಳ ಮೂತಿ ಬಿಚ್ಚಿದರು. ಹಸಿರು ಹಳದಿ ಬಣ್ಣದ ಕ್ಲೋರಿನ್ ಮೋಡ ಗಾಳಿಯ ಜೊತೆ ತೇಲಿ ಬಂತು. ಎದುರಿಗಿದ್ದ ಫ್ರೆಂಚ್ ಮತ್ತು ಅಲ್ಜೀರಿಯಾದ ಸೈನಿಕರು ಉಸಿರುಕಟ್ಟಿ ಬಿದ್ದರು, ಉಳಿದವರು ಓಡಿದರು. ಸಾಲಿನಲ್ಲಿ ಮೈಲಿಗಟ್ಟಲೆ ಬಾಯಿ ಬಿಟ್ಟಿತು. ಪಕ್ಕದಲ್ಲಿದ್ದ ಕೆನಡಾ ಡಿವಿಜನ್ ಅದನ್ನು ಮುಚ್ಚಬೇಕಾಯಿತು. ಎರಡು ದಿನಕ್ಕೆ ಅವರ ಮೇಲೂ ವಿಷಗಾಳಿ ಬಿಟ್ಟರು. ಮುಖವಾಡವಿಲ್ಲದ ಕಾಲ, ಕರವಸ್ತ್ರವನ್ನು ಮೂತ್ರದಲ್ಲಿ ನೆನೆಸಿ ಮೂಗಿಗೆ ಹಿಡಿದುಕೊಂಡವರಿದ್ದರು. ಆ ಕೆಲವು ದಿನಗಳಲ್ಲಿ ಕೆನಡಾದ ಸುಮಾರು 6,000 ಜನ ಸತ್ತರು, ಗಾಯಗೊಂಡರು ಇಲ್ಲವೇ ಸೆರೆ ಸಿಕ್ಕರು.

ಆ ಮೈದಾನದಲ್ಲಿ ನಮ್ಮವರೂ ಇದ್ದರು ಎಂಬುದು ಲೈಬ್ರರಿಯಲ್ಲಿ ಕೂತ ಆ ಮಧ್ಯಾಹ್ನದವರೆಗೆ ನನಗೆ ತಿಳಿದಿರಲಿಲ್ಲ. ಭಾರತೀಯ ಸೇನೆಯ ಲಾಹೋರ್ ಡಿವಿಜನ್ನನ್ನು ಅವಸರದಲ್ಲಿ ಉತ್ತರಕ್ಕೆ ನಡೆಸಿಕೊಂಡು ಬಂದು, ಏಪ್ರಿಲ್ 26ರಂದು ಕೆನಡಾದವರಿಂದ ಕೆಲವೇ ಮೈಲಿ ಆಚೆ, ಮರೆಯೇ ಇಲ್ಲದ ಬಯಲಿನಲ್ಲಿ ದಾಳಿಗೆ ಬಿಟ್ಟರು. ನಲವತ್ತೇಳನೇ ಸಿಖ್ಖರು, ನಲವತ್ತನೇ ಪಠಾಣರು, ಐವತ್ತೇಳನೇ ವೈಲ್ಡ್ಸ್ ರೈಫಲ್ಸ್. ಅವರ ಮೇಲೂ ಕ್ಲೋರಿನ್ ಬಂತು. ಜಮಾದಾರ್ ಮೀರ್ ದಸ್ತ್ ಎಂಬಾತ ಅಧಿಕಾರಿಗಳೆಲ್ಲ ಬಿದ್ದ ಮೇಲೂ ಉಳಿದವರನ್ನು ಹಿಡಿದು ನಿಲ್ಲಿಸಿ, ಗಾಯಾಳುಗಳನ್ನು ಹೊತ್ತು ತಂದದ್ದಕ್ಕೆ ವಿಕ್ಟೋರಿಯಾ ಕ್ರಾಸ್ ಪಡೆದ. ನಾನು ಅವರ ಯುದ್ಧ ಅಂದುಕೊಂಡಿದ್ದೆ. ಅಷ್ಟು ಸುಲಭದ ಲೆಕ್ಕ ಅದಲ್ಲ.

ಫಿರಂಗಿ ದಳದ ಮೊದಲ ಬ್ರಿಗೇಡ್ ಈಪರ್ ಕಾಲುವೆಯ ದಡದಲ್ಲಿ ಬೀಡುಬಿಟ್ಟಿತ್ತು. ಹದಿನೇಳು ಹಗಲು, ಹದಿನೇಳು ರಾತ್ರಿ. ತೊಟ್ಟ ಬಟ್ಟೆ ಬಿಚ್ಚಲಿಲ್ಲ, ಫಿರಂಗಿಯ ಸದ್ದು ಒಂದು ನಿಮಿಷವೂ ನಿಲ್ಲಲಿಲ್ಲ ಎಂದು ಮ್ಯಾಕ್ರೇ ತಾಯಿಗೆ ಬರೆದರು. ಅವರ ಆಸ್ಪತ್ರೆ ಎಂದರೆ ಕಾಲುವೆಯ ಏರಿಯಲ್ಲಿ ತೋಡಿದ ಗುಂಡಿ. ಇಂದು ಅಲ್ಲಿ ನೋಡಲು ಸಿಗುವ ಕಾಂಕ್ರೀಟಿನ ಕೋಣೆಗಳು ಆಮೇಲೆ ಕಟ್ಟಿದವು.

ಮೇ 2, ಭಾನುವಾರ. ಬೆಳಿಗ್ಗೆ ಹೆಲ್ಮರ್ ತಾನಿದ್ದ ಹೊಂಡದಿಂದ ಹೊರಗೆ ಬಂದ. ಎಂಟು ಅಂಗುಲದ ಒಂದು ಜರ್ಮನ್ ಷೆಲ್ ನೇರವಾಗಿ ಅವನ ಮೇಲೇ ಬಿತ್ತು.

ಉಳಿದದ್ದನ್ನು ಸಿಕ್ಕಷ್ಟು ಆಯ್ದು ಮರಳುಚೀಲಗಳಲ್ಲಿ ತುಂಬಿದರು. ಸಂಜೆ ಆ ಚೀಲಗಳನ್ನು ಸೇನೆಯ ಕಂಬಳಿಯ ಮೇಲೆ ಮನುಷ್ಯನ ಆಕಾರಕ್ಕೆ ಜೋಡಿಸಿ, ಸುತ್ತಿ, ಕಾಲುವೆಯ ಹತ್ತಿರ ಮಣ್ಣು ಮಾಡಿದರು. ದಳದ ಪಾದ್ರಿ ಬೇರೆ ಕಡೆಗೆ ಹೋಗಿದ್ದರು. ಕತ್ತಲಲ್ಲಿ ದೀಪ ಹಚ್ಚುವ ಹಾಗಿಲ್ಲ, ಓದಲು ಪುಸ್ತಕವಿಲ್ಲ. ಹಾಗಾಗಿ ವೈದ್ಯರೇ ನಿಂತು ಇಗರ್ಜಿಯ ಅಂತ್ಯಸಂಸ್ಕಾರದ ಮಾತುಗಳನ್ನು ತಮಗೆ ನೆನಪಿದ್ದಷ್ಟು ಹೇಳಿದರು.

ಇದನ್ನು ಓದಿದಾಗ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಕಾರಣ ಹೇಳಬೇಕಾದರೆ ಐದಾರು ವರ್ಷ ಹಿಂದೆ ಹೋಗಬೇಕು.

1998ರ ಜನವರಿ. ಈ ಕಡೆ ಇದ್ದವರು ಯಾರೂ ಮರೆಯದ ಐಸ್ ಸ್ಟಾರ್ಮ್. ನಾಲ್ಕೈದು ದಿನ ಮಳೆ ಬೀಳುತ್ತಲೇ ಹೆಪ್ಪುಗಟ್ಟಿ, ವಿದ್ಯುತ್ ಗೋಪುರಗಳು ಕಡ್ಡಿಯಂತೆ ಮುರಿದು, ಊರಿಗೆ ಊರೇ ಕತ್ತಲಲ್ಲಿ ಮುಳುಗಿತ್ತು. ಆ ವಾರವೇ ಗೆಳೆಯನೊಬ್ಬನ ತಂದೆ ತೀರಿಕೊಂಡರು. ಹಾಸನದ ಕಡೆಯವರು, ಮೊಮ್ಮಗುವನ್ನು ನೋಡಲು ಬಂದು ಮೂರು ತಿಂಗಳಾಗಿತ್ತು. ಬರಬೇಕಾದ ಪುರೋಹಿತರು ಮಾಂಟ್ರಿಯಲ್‌ನಲ್ಲಿ ಸಿಕ್ಕಿಬಿದ್ದರು, ಹೆದ್ದಾರಿ ಮುಚ್ಚಿತ್ತು. ಫ್ಯೂನರಲ್ ಹೋಮಿನ ಸಣ್ಣ ಕೋಣೆಯಲ್ಲಿ ಹತ್ತು ಹನ್ನೆರಡು ಜನ ಕನ್ನಡಿಗರು ಕೋಟು ಬಿಚ್ಚದೆ ನಿಂತಿದ್ದೆವು. ಎಲ್ಲರೂ ಎಂಜಿನಿಯರು, ಡಾಕ್ಟರು. ಒಬ್ಬರಿಗೂ ಏನು ಮಾಡಬೇಕೆಂದು ಸರಿಯಾಗಿ ತಿಳಿಯದು. ಗೆಳೆಯ ನನ್ನ ಮುಖ ನೋಡಿದ. ಚಿಕ್ಕವನಿದ್ದಾಗ ಅಜ್ಜನ ಬಾಯಿಂದ ಪುರುಷಸೂಕ್ತ ಕಲಿತಿದ್ದೆನೆಂದು ಒಮ್ಮೆ ಜಂಬ ಕೊಚ್ಚಿದ್ದೆ. ಅರ್ಧ ಮಾತ್ರ ನೆನಪಿತ್ತು. ಅದನ್ನು ಹೇಳಲು ಹಿಂಜರಿದಾಗ ಆ ಹಿರಿಯರ ಹೆಂಡತಿ, ಕುರ್ಚಿಯಲ್ಲಿ ಕೂತಿದ್ದವರು, ಅಂದರು:

"ಬಂದಷ್ಟು ಹೇಳಪ್ಪ. ಅವರೇನು ತಪ್ಪು ಹುಡುಕ್ತಾ ಕೂರಲ್ಲ."

ಹೇಳಿದೆ. ಮಧ್ಯದಲ್ಲಿ ಮರೆತದ್ದನ್ನು ಹಾರಿಸಿದೆ, ಒಂದು ಸಾಲನ್ನು ಎರಡು ಸಲ ಹೇಳಿದೆ. ಆ ನಾಚಿಕೆ ಬಹಳ ವರ್ಷ ನನ್ನ ಜೊತೆಗಿತ್ತು. ಕಾಲುವೆಯ ದಡದ ಕತ್ತಲಲ್ಲಿ ನೆನಪಿದ್ದಷ್ಟು ಹೇಳಿದ ಆ ವೈದ್ಯರ ಬಗ್ಗೆ ಓದಿದ ದಿನ ಅದು ಸ್ವಲ್ಪ ಇಳಿಯಿತು.

ಇರಲಿ. ಗೋರಿಯ ಮೇಲೆ ಒಂದು ಮರದ ಶಿಲುಬೆ ನೆಟ್ಟರು. ಮ್ಯಾಕ್ರೇ ಪದ್ಯ ಬರೆದದ್ದು ಆ ಸಾವಿನ ಬೆನ್ನಿಗೆ. ಮರುದಿನ ಗೋರಿ ಕಾಣುವಂತೆ ಕೂತು ಬರೆದರೆಂದು ಅಲ್ಲಿದ್ದ ಒಬ್ಬರು ಹೇಳಿದ್ದಾರೆ. ಗಾಯಾಳುಗಳ ಒಂದು ತಂಡಕ್ಕೂ ಇನ್ನೊಂದಕ್ಕೂ ನಡುವಿನ ಬಿಡುವಿನಲ್ಲಿ ಬರೆದರೆಂದು ಇನ್ನೊಬ್ಬರು. ಲಂಡನ್ನಿನ ಪಂಚ್ ಪತ್ರಿಕೆ 1915ರ ಡಿಸೆಂಬರ್ 8ರಂದು ಅದನ್ನು ಕವಿಯ ಹೆಸರಿಲ್ಲದೆ ಅಚ್ಚು ಹಾಕಿತು. ಪದ್ಯದಲ್ಲಿ ಹೆಲ್ಮರ್‌ನ ಹೆಸರಿಲ್ಲ. ಮ್ಯಾಕ್ರೇ ತೀರಿಕೊಂಡ ಮೇಲೆ ಅಚ್ಚಾದ ಅವರ ದಿನಚರಿಯ ಪುಟದಲ್ಲೂ ಹೆಸರಿನ ಮೊದಲ ಅಕ್ಷರವಷ್ಟೇ ಇದೆ, ಮುಂದೆ ಒಂದು ಗೆರೆ.

ಆದರೆ ಅದೇ ಪುಟದಲ್ಲಿ ಮ್ಯಾಕ್ರೇ ಇನ್ನೊಂದು ಸಂಗತಿ ಬರೆದಿಟ್ಟಿದ್ದಾರೆ. ಹೆಲ್ಮರ್ ಕೂಡ ದಿನಚರಿ ಇಟ್ಟಿದ್ದ. ಅದರ ಕೊನೆಯ ಮಾತು ದೇಶದ ಬಗ್ಗೆ ಅಲ್ಲ, ಶತ್ರುವಿನ ಬಗ್ಗೆಯೂ ಅಲ್ಲ. ಗದ್ದಲ ಸ್ವಲ್ಪ ಅಡಗಿದೆ, ಚೆನ್ನಾಗಿ ಒಂದು ನಿದ್ದೆ ತೆಗೆಯಲು ನೋಡಬೇಕು ಎಂಬ ಅರ್ಥದ ಒಂದು ವಾಕ್ಯ.

ಪದ್ಯವನ್ನು ಬಲ್ಲವರಿಗೆ ಇದು ಚುಚ್ಚದೆ ಇರದು. ಮೊದಲೆರಡು ಭಾಗ ಹೂವು, ಶಿಲುಬೆ, ಹಕ್ಕಿ, ಮೊನ್ನೆ ಮೊನ್ನೆ ಬದುಕಿದ್ದವರ ನೆನಪು. ಕೊನೆಯ ಭಾಗಕ್ಕೆ ಬಂದಾಗ ಸತ್ತವರು ಬದುಕಿದ್ದವರ ಮೇಲೆ ಭಾರ ಹೊರಿಸುತ್ತಾರೆ: ಜಗಳ ಮುಂದುವರಿಸಿ, ಇಲ್ಲದಿದ್ದರೆ ನಮಗೆ ನಿದ್ದೆಯಿಲ್ಲ ಎಂಬ ಧಾಟಿ. ಈ ಭಾಗವೇ ಸರ್ಕಾರಕ್ಕೆ ಬೇಕಾಯಿತು. 1917ರಲ್ಲಿ ಯುದ್ಧಸಾಲದ ಬಾಂಡು ಮಾರಲು ಪದ್ಯವನ್ನು ಪೋಸ್ಟರಿಗೆ ಏರಿಸಿದರು. ಎತ್ತಬೇಕೆಂದಿದ್ದದ್ದು 15 ಕೋಟಿ ಡಾಲರ್, ಬಂದದ್ದು ಸುಮಾರು 40 ಕೋಟಿ. ಮ್ಯಾಕ್ರೇ ಅವರನ್ನು ನಾನು ದೂರುವುದಿಲ್ಲ. ಹದಿನೇಳು ದಿನ ಆ ಗುಂಡಿಯಲ್ಲಿ ಕೈ ತೊಳೆಯಲೂ ಬಿಡುವಿಲ್ಲದೆ ಕಳೆದವರ ಸಿಟ್ಟು ಅದು. ಅವರೂ 1918ರ ಜನವರಿ 28ರಂದು ಫ್ರಾನ್ಸಿನಲ್ಲಿ ನ್ಯುಮೋನಿಯಾದಿಂದ ತೀರಿಕೊಂಡರು. ಯುದ್ಧದ ಕೊನೆ ನೋಡಲಿಲ್ಲ. ಆದರೂ ಒಂದು ಮಾತು ಹೇಳಲೇಬೇಕು. ನಿದ್ದೆ ಬೇಕು ಎಂದು ಬರೆದು ಮಲಗಿದ ಹುಡುಗನ ಗೋರಿಯ ಮುಂದೆ ಹುಟ್ಟಿದ ಪದ್ಯ, ಇನ್ನೂ ಎಷ್ಟೋ ಹುಡುಗರನ್ನು ಅದೇ ಮಣ್ಣಿಗೆ ಕರೆಯಲು ಬಳಕೆಯಾಯಿತು. ಪ್ರತಿ ನವೆಂಬರಿನಲ್ಲೂ ಕೊನೆಯ ಭಾಗ ಬಂದಾಗ ನನ್ನ ತುಟಿ ಮುಚ್ಚಿಕೊಳ್ಳುತ್ತದೆ.

ಪಾಪ್ಪಿ ಹೂವಿನ ಬಗ್ಗೆಯೂ ಎರಡು ಮಾತು. ಫ್ಲ್ಯಾಂಡರ್ಸಿನ ಈ ಕೆಂಪು ಹೂವು ನಮ್ಮ ಗಸಗಸೆ ಗಿಡದ ದಾಯಾದಿ, ಗಸಗಸೆಯೇ ಅಲ್ಲ. ಅದರ ಬೀಜ ಮಣ್ಣಿನಡಿ ಎಷ್ಟೋ ವರ್ಷ ಸುಮ್ಮನೆ ಬಿದ್ದಿರುತ್ತದೆ, ನೆಲ ಅಗೆದು ಬೆಳಕು ಬಿದ್ದಾಗ ಮೊಳೆಯುತ್ತದೆ. ಷೆಲ್ಲುಗಳು ಉತ್ತ, ಗೋರಿಗಾಗಿ ತೋಡಿದ ನೆಲಕ್ಕಿಂತ ಹೆಚ್ಚು ಅಗೆದ ನೆಲ ಬೇರೆ ಎಲ್ಲಿತ್ತು? ಗಸಗಸೆ ಪಾಯಸ ಕುಡಿದರೆ ಒಳ್ಳೆ ನಿದ್ದೆ ಬರುತ್ತದೆ ಎಂದು ನಮ್ಮಮ್ಮ ಹಬ್ಬದ ಮಧ್ಯಾಹ್ನ ಎರಡನೇ ಲೋಟ ಬಡಿಸುತ್ತಿದ್ದಳು. ಗಲ್ಫಿನಲ್ಲಿರುವ ನನ್ನ ತಮ್ಮ ಅದನ್ನು ಚೀಲದಲ್ಲಿ ಒಯ್ಯುವಂತೆಯೂ ಇಲ್ಲ, ಅಲ್ಲಿ ಅದು ಅಪರಾಧ. ಒಟ್ಟಾವದ ನಮ್ಮ ಮನೆಯಲ್ಲಿ ಗಸಗಸೆ ಡಬ್ಬಿ ತೆರೆದಾಗೆಲ್ಲ ನನಗೆ ಈಗ ಹೆಲ್ಮರ್‌ನ ಆ ಕೊನೆಯ ವಾಕ್ಯ ನೆನಪಾಗುತ್ತದೆ. ಹೆಂಡತಿ ಇದನ್ನು ಹುಚ್ಚು ಅನ್ನುತ್ತಾಳೆ.

ಮರದ ಶಿಲುಬೆ ಉಳಿಯಲಿಲ್ಲ. ಈಪರ್ ಸುತ್ತ ಯುದ್ಧ ಇನ್ನೂ ಮೂರು ವರ್ಷ ನಡೆಯಿತು. ಅದೇ ನೆಲವನ್ನು ಮತ್ತೆ ಮತ್ತೆ ಉತ್ತರು. ಹೆಲ್ಮರ್‌ನ ಗೋರಿ ಎಲ್ಲಿತ್ತೆಂಬುದೇ ಅಳಿಸಿಹೋಯಿತು. ಸಿಕ್ಕಷ್ಟನ್ನು ಚೀಲದಲ್ಲಿ ತುಂಬಿ ಹೂತದ್ದೂ ಎರಡನೇ ಸಲ ಕಳೆದುಹೋಯಿತು. ನಮ್ಮ ನಾಡಿನ ಹೊಲದಂಚುಗಳಲ್ಲಿ ನಿಂತ ವೀರಗಲ್ಲುಗಳು ನೆನಪಾಗುತ್ತವೆ. ತುರು ಬಿಡಿಸಲು ಹೋಗಿ ಸತ್ತವನಿಗೂ ಕಲ್ಲು, ಹಂದಿಯೊಡನೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಗೂ ಆತಕೂರಿನಲ್ಲಿ ಕಲ್ಲು, ಹೆಸರು ಸಮೇತ. ಸಾವಿರ ವರ್ಷ ದಾಟಿದೆ.

ನಮ್ಮೂರಿನ ಯುದ್ಧ ವಸ್ತುಸಂಗ್ರಹಾಲಯದಲ್ಲಿ ಒಂದು ಕಲ್ಲಿದೆ. 2000ದಲ್ಲಿ ಫ್ರಾನ್ಸಿನ ವಿಮಿ ಬಳಿಯ ಒಂದು ಸ್ಮಶಾನದಿಂದ ಹೆಸರು ಗೊತ್ತಿಲ್ಲದ ಕೆನಡಾ ಸೈನಿಕನೊಬ್ಬನ ಅವಶೇಷ ತಂದು ಒಟ್ಟಾವದ ರಾಷ್ಟ್ರೀಯ ಸ್ಮಾರಕದ ಮುಂದೆ ಇಟ್ಟರು. ಅವನ ಹಳೆಯ ಗೋರಿಗಲ್ಲು ಸಂಗ್ರಹಾಲಯದ ಒಂದು ಬರಿಗೋಡೆಯ ಕೋಣೆಯಲ್ಲಿದೆ. ನವೆಂಬರ್ 11ರ ಬೆಳಿಗ್ಗೆ ಹನ್ನೊಂದಕ್ಕೆ ಸರಿಯಾಗಿ ಕಿಟಕಿಯಿಂದ ಬಿಸಿಲಕೋಲು ಆ ಕಲ್ಲಿನ ಮೇಲೆ ಬೀಳುವಂತೆ ಕಟ್ಟಡವನ್ನೇ ಲೆಕ್ಕ ಹಾಕಿ ಕಟ್ಟಿದ್ದಾರೆ. ಮಗಳು ಹೈಸ್ಕೂಲಿನಲ್ಲಿದ್ದಾಗ ಇಬ್ಬರೂ ಹೋಗಿದ್ದೆವು. ಆ ದಿನ ಮೋಡ; ಬಿಸಿಲು ಬರಲಿಲ್ಲ. ಹೊರಗೆ ಬಂದು ನದಿಯ ಆಚೆ ಹಲ್ ಕಡೆ ನೋಡುತ್ತಾ ಅವಳು ಅಂದಳು, "ಅಲ್ಲಿ ಗೋರಿಯಿದೆ, ಹೆಸರಿಲ್ಲ. ಹೆಲ್ಮರ್‌ಗೆ ಹೆಸರಿದೆ, ಗೋರಿಯಿಲ್ಲ." ಪದ್ಯ ಬರೆದವರಿಗೆ ನಮ್ಮೂರಿನಲ್ಲಿ ಕಂಚಿನ ಪ್ರತಿಮೆಯೂ ಇದೆ, 2015ರಲ್ಲಿ ನಿಲ್ಲಿಸಿದ್ದು. ಮ್ಯಾಕ್ರೇ ಕೂತು ಬರೆಯುತ್ತಿದ್ದಾರೆ, ಪಕ್ಕದಲ್ಲಿ ವೈದ್ಯರ ಚೀಲ, ಕಾಲ ಬಳಿ ಪಾಪ್ಪಿ.

ಹೆಲ್ಮರ್‌ನ ಹೆಸರು ಎಲ್ಲಿದೆ ಎಂದರೆ ಈಪರಿನ ಮೆನಿನ್ ಗೇಟಿನ ಮೇಲೆ. 2017ರಲ್ಲಿ ಬ್ರಸೆಲ್ಸಿಗೆ ಕೆಲಸದ ಮೇಲೆ ಹೋದವನು ಒಂದು ದಿನ ರಜೆ ಹಾಕಿ ರೈಲು ಹತ್ತಿದೆ. 1927ರಲ್ಲಿ ತೆರೆದ ದೊಡ್ಡ ಕಮಾನು ಅದು. ಗೋರಿ ಸಿಗದವರದೇ 54,000ಕ್ಕೂ ಹೆಚ್ಚು ಹೆಸರು, ನೆಲದಿಂದ ಚಾವಣಿಯವರೆಗೆ. ಅವರಲ್ಲಿ ಸುಮಾರು 7,000 ಕೆನಡಾದವರು. ಪ್ರತಿ ಸಂಜೆ ಎಂಟಕ್ಕೆ ವಾಹನಗಳನ್ನು ನಿಲ್ಲಿಸಿ ಕಹಳೆ ಊದುತ್ತಾರೆ. ಹತ್ತನೇ ಫಲಕದಲ್ಲಿ ಹುಡುಕಿದೆ. ಸಿಕ್ಕಿತು. ಫಿರಂಗಿ ದಳದ ಲೆಫ್ಟಿನೆಂಟುಗಳ ಸಾಲಿನಲ್ಲಿ ಒಂದು ಹೆಸರು, ಅಷ್ಟೇ. ಮೇಲೆ ಕೆಳಗೆ ಇರುವವರಿಗಿಂತ ಒಂದಕ್ಷರ ಹೆಚ್ಚಿಲ್ಲ. ನಾನೂರಕ್ಕೂ ಹೆಚ್ಚು ಭಾರತೀಯರ ಹೆಸರುಗಳೂ ಅದೇ ಕಮಾನಿನಲ್ಲಿವೆ. ಸಿಂಗ್, ಖಾನ್, ರಾಮ್. ಅವರಿಗಾಗಿ ಯಾರೂ ಪದ್ಯ ಬರೆಯಲಿಲ್ಲ. ಬರೆದಿದ್ದರೆ ಪಂಜಾಬಿನ ಯಾವುದೋ ಅಂಗಳದಲ್ಲಿ ಯಾವಳೋ ತಾಯಿ ಹಾಡಿಕೊಂಡು ಮುಗಿದಿರಬೇಕು.

ಮರುದಿನ ಬೆಳಿಗ್ಗೆ ಬಾಡಿಗೆ ಸೈಕಲ್ಲಿನಲ್ಲಿ ಕಾಲುವೆಯ ದಡ ಹಿಡಿದು ಎಸೆಕ್ಸ್ ಫಾರ್ಮಿಗೆ ಹೋದೆ. ಮ್ಯಾಕ್ರೇ ಕೆಲಸ ಮಾಡಿದ ಜಾಗ. ಈಗ ಅಲ್ಲಿ ಸಾವಿರಕ್ಕೂ ಹೆಚ್ಚು ಬಿಳಿ ಗೋರಿಗಲ್ಲುಗಳ ಸ್ಮಶಾನ. ಹದಿನೈದು ವರ್ಷದ ಒಬ್ಬ ಹುಡುಗನ ಕಲ್ಲೂ ಇದೆ, ಅದರ ಮುಂದೆ ಜನ ಆಟಿಕೆ ಇಟ್ಟುಹೋಗುತ್ತಾರೆ. ಹೆಲ್ಮರ್‌ನದು ಇಲ್ಲ. ಆದರೆ ಅವನು ಇಲ್ಲೇ ಎಲ್ಲೋ, ಈ ಹುಲ್ಲಿನಡಿಯೋ ಆ ರಸ್ತೆಯಡಿಯೋ ಬೀಟ್‌ರೂಟ್ ಹೊಲದ ಅಂಚಿನಲ್ಲೋ ಇದ್ದಾನೆ.

ಹೊತ್ತಾಗಿರಲಿಲ್ಲ, ಯಾರೂ ಇರಲಿಲ್ಲ. ಟೋಪಿ ತೆಗೆದು ಏರಿಯ ಮೇಲೆ ನಿಂತು, ಪುರುಷಸೂಕ್ತವನ್ನು ನನಗೆ ಬಂದಷ್ಟು ಹೇಳಿದೆ. ಅವನ ಮತಕ್ಕೆ ಅದು ಸಲ್ಲುತ್ತದೋ ಇಲ್ಲವೋ ಯೋಚಿಸಲಿಲ್ಲ. ಮೊದಲಿನ ಹಾಗೆಯೇ ನಡುವೆ ಒಂದು ಕಡೆ ಮರೆತು ನಿಂತೆ. ಅಷ್ಟರಲ್ಲಿ ಶಾಲೆಯ ಬಸ್ಸೊಂದು ಬಂದು ನಿಂತಿತು. ಇಂಗ್ಲೆಂಡಿನ ಮಕ್ಕಳು, ಹನ್ನೆರಡು ಹದಿಮೂರರ ಪ್ರಾಯ, ಮಳೆಕೋಟಿನಲ್ಲಿ ಗದ್ದಲ ಮಾಡುತ್ತಾ ಇಳಿದರು. ಮೇಷ್ಟರು ಅವರನ್ನು ಸಾಲಾಗಿ ನಿಲ್ಲಿಸಿ, ಪದ್ಯ ಯಾರಿಗೆ ಬಾಯಿಗೆ ಬರುತ್ತದೆ ಎಂದು ಕೇಳಿದರು. ಎಲ್ಲರೂ ಕೈ ಎತ್ತಿದರು.